ಮೊದಲ ಎಡೆ ವಸಂತಾಗೆ

ನಮ್ಮ ಮನೆಯಲ್ಲಿ ಶುಕ್ರವಾರ ಯಾರೇ ಊಟಕ್ಕೆ ಕೂರುವ ಮೊದಲು ಒಂದು ಬಾಳೆಲೆ ಗೋಡೆಯ ಹತ್ತಿರ ಹೋಗಬೇಕಿತ್ತು. ಗೋಡೆಯ ಮೇಲೆ ವಸಂತಾಳ ಫೋಟೋ ಇತ್ತು. ವಸಂತಾ ನನ್ನ ಅಪ್ಪನ ಮೊದಲ ಹೆಂಡತಿ, ನಾನು ಹುಟ್ಟುವ ಎಷ್ಟೋ ವರ್ಷ ಮೊದಲೇ ತೀರಿಹೋದವಳು. ಆ ಎಲೆಗೆ ಕೋಸಂಬರಿ, ಪಲ್ಯ, ಹುಳಿ, ಪಾಯಸ ಎಲ್ಲವನ್ನೂ ಬಡಿಸಿ, ಅನ್ನದ ಮೇಲೆ ತುಪ್ಪ ಹಾಕಿ, ಸುತ್ತ ನೀರು ಬಿಟ್ಟು, ಕೈಮುಗಿದು ಹಿಂದಕ್ಕೆ ಸರಿಯುವ ಕೆಲಸ ನನ್ನ ಅಮ್ಮನದು. ಅಮ್ಮ ಎರಡನೆಯವಳು. ಅಪ್ಪನ ತಾಯಿ, ಅಂದರೆ ನಮ್ಮ ಅಜ್ಜಿ, ಕುರ್ಚಿ ಎಳೆದುಕೊಂಡು ಕೂತು ಏನಾದರೂ ಕಡಿಮೆಯಾಯಿತೇ ಎಂದು ನೋಡುತ್ತಿದ್ದರು. ಕಡಿಮೆಯಾದರೆ ಅಮ್ಮನನ್ನು ಬೈಯುತ್ತಿರಲಿಲ್ಲ. ಫೋಟೋದ ಕಡೆ ತಿರುಗಿ ಮಾತಾಡುತ್ತಿದ್ದರು.

"ಬೇಜಾರು ಮಾಡ್ಕೋಬೇಡ ವಸಂತಾ. ಇವಳಿಗೆ ಉಪ್ಪಿನಕಾಯಿ ಹಾಕೋದು ಮರ್ತೋಯ್ತು. ಈಗ ಹಾಕ್ತಾಳೆ."

ಅಮ್ಮ ಒಳಗೆ ಹೋಗಿ ಉಪ್ಪಿನಕಾಯಿ ಜಾಡಿ ತರುತ್ತಿದ್ದಳು. ನಮ್ಮ ಊಟವೆಲ್ಲ ಆದ ಮೇಲೆ ಆ ಎಲೆಯನ್ನು ಹಿತ್ತಲಿನ ಕಟ್ಟೆಯ ಮೇಲೆ ಇಡುತ್ತಿದ್ದರು. ಕಾಗೆಗಿಂತ ಮುಂಚೆ ಮೈನಾಗಳು ಬಂದು ಪಾಯಸದ ಗೋಡಂಬಿ ಹೆಕ್ಕಿಕೊಂಡು ಹೋಗುತ್ತಿದ್ದವು. ಕಾಗೆ ಮುಟ್ಟಲಿಲ್ಲ, ಅವಳಿಗೆ ಇನ್ನೂ ಸಮಾಧಾನ ಆಗಿಲ್ಲ ಎಂದು ಅಜ್ಜಿ ಮಧ್ಯಾಹ್ನವಿಡೀ ಕೊರಗುತ್ತಿದ್ದರು.

ಇಂಗ್ಲಿಷಿನಲ್ಲಿ ಪ್ರೇಮ ಕಾದಂಬರಿಗಳನ್ನು ಬರೆಯುವುದು ನನ್ನ ಕಸುಬು. ನನ್ನ ಪುಸ್ತಕಗಳಲ್ಲೆಲ್ಲ ಒಡವೆ ವ್ಯಾಪಾರದ ಒಂದು ಶ್ರೀಮಂತ ಮನೆತನ ಇರುತ್ತದೆ. ಆ ಮನೆಯ ಹುಡುಗಿ ಮನೆಯವರಿಗೆ ಒಪ್ಪಿಗೆಯಾಗದ ಒಬ್ಬನನ್ನು ಪ್ರೀತಿಸುತ್ತಾಳೆ, ಮನೆಯ ಹಿರಿಯಳು ಅಡ್ಡ ನಿಲ್ಲುತ್ತಾಳೆ, ಕೊನೆಗೆ ಅದೇ ಹಿರಿಯಳು ಕರಗಿ ತನ್ನ ಬೆರಳಿನ ಉಂಗುರವನ್ನೇ ಬಿಚ್ಚಿ ಹುಡುಗನ ಕೈಗೆ ಕೊಡುತ್ತಾಳೆ. ಓದಿದವರು ಎದುರಾದರೆ ಕೇಳುವುದು ಒಂದೇ ಪ್ರಶ್ನೆ: ಅಂಥ ಮನೆ ನಿಜವಾಗಿಯೂ ಇತ್ತೇ? ಇತ್ತು. ಕಡಲಾಚೆಯ ಈ ದ್ವೀಪದಲ್ಲಿ, ಪಾಸಿರ್ ಪಂಜಾಂಗ್‌ನ ಇಳಿಜಾರಿನಲ್ಲಿ, ಮಹಡಿಯ ಕಿಟಕಿ ತೆರೆದರೆ ಬಂದರಿನ ಕ್ರೇನುಗಳು ಕಾಣುವ ಹಾಗೆ ಇತ್ತು. ಸೆರಂಗೂನ್ ರೋಡಿನಲ್ಲಿ ನಮ್ಮ ಅಂಗಡಿ, ಉಬಿಯಲ್ಲಿ ಒಡವೆ ಮಾಡುವ ವರ್ಕ್‌ಶಾಪ್. ಪ್ರೀತಿಸಿದ ಹುಡುಗಿಯೂ ಇದ್ದಳು, ನನ್ನ ಅಕ್ಕ ಶೈಲಾ. ಅಡ್ಡ ನಿಂತ ಹಿರಿಯಳೂ ಇದ್ದರು, ಕೊನೆಗೆ ಕರಗಿದರು ಕೂಡ. ಆದರೆ ಅವರು ಕರಗಿದ ಬಗೆಯನ್ನು ಯಾವ ಕಾದಂಬರಿಯಲ್ಲೂ ಬರೆಯಲು ನನ್ನಿಂದ ಆಗಲಿಲ್ಲ. ಉಂಗುರದ ಕಥೆ ಕಟ್ಟಿದ್ದು ಅದಕ್ಕೇ.

ಆ ಮನೆಯಲ್ಲಿ ಎಲ್ಲವೂ ಮೊದಲು ವಸಂತಾಗೆ. ಅಮ್ಮನಿಗೆ ಹೊಸ ಸೀರೆ ಬಂದರೆ ಅದು ಒಂದು ದಿನ ಫೋಟೋದ ಮುಂದೆ ಮಣೆಯ ಮೇಲೆ ಇರಬೇಕು, ಅರಿಶಿನ ಕುಂಕುಮ ಬೀಳಬೇಕು, ಆಮೇಲೆ ಅಮ್ಮ ಉಡಬೇಕು. ಮಲ್ಲಿಗೆ ಹೂವಿನಲ್ಲಿ ಮೊದಲ ಮೊಳ ಅವಳಿಗೆ. ಅಮ್ಮನ ಕರಿಮಣಿ ಸರದಲ್ಲಿ ತಾಳಿಯ ಪಕ್ಕ ಇನ್ನೊಂದು ಪುಟ್ಟ ಚಿನ್ನದ ಬಿಲ್ಲೆ ಇತ್ತು, ಅದರ ಮೇಲೆ ಕಣ್ಣು ಮೂಗು ಮಾತ್ರ ಕೊರೆದ ಒಂದು ಹೆಣ್ಣಿನ ಮುಖ. ಎರಡನೆಯ ಹೆಂಡತಿಯಾಗಿ ಬಂದವಳು ಸತ್ತ ಸವತಿಯನ್ನು ಕೊರಳಲ್ಲಿ ಹೊತ್ತಿರಬೇಕು, ಇಲ್ಲದಿದ್ದರೆ ಅವಳು ಮನೆಯೊಳಗೆ ಅಲೆಯುತ್ತಾಳೆ ಎಂದು ಅಜ್ಜಿಯ ನಂಬಿಕೆ. ಬಾಯಿ ಕೊರೆದಿರಲಿಲ್ಲ. ಚಿಕ್ಕವಳಿದ್ದಾಗ ನಾನು ಅಮ್ಮನ ಎದೆಗೆ ಒರಗಿ ಮಲಗಿದರೆ ಅದು ನನ್ನ ಕೆನ್ನೆಗೆ ತಣ್ಣಗೆ ತಾಗುತ್ತಿತ್ತು. ನಾನು ತಲೆ ಸರಿಸಿಕೊಳ್ಳುತ್ತಿದ್ದೆ, ಅದು ಮತ್ತೆ ಜಾರಿ ಬಂದು ತಾಗುತ್ತಿತ್ತು.

ದೀಪಾವಳಿ ಸೀಸನ್ ಬಂದರೆ ಅಮ್ಮ ವಸಂತಾಳ ಒಡವೆಗಳನ್ನೆಲ್ಲ ಹಾಕಿಕೊಂಡು ಅಂಗಡಿಯಲ್ಲಿ ನಿಲ್ಲಬೇಕಿತ್ತು. ಅಡ್ಡಿಕೆ, ಮುತ್ತಿನ ಸರ, ವಂಕಿ, ಡಾಬು, ಕೈತುಂಬ ಬಳೆ. ಬಾಗಿಲ ಪಕ್ಕದ ದೊಡ್ಡ ಕನ್ನಡಿಯ ಎದುರು ನಿಂತರೆ ಒಳಗೆ ಬಂದವರ ಕಣ್ಣು ಮೊದಲು ಅವಳ ಮೇಲೇ ಬೀಳಬೇಕು. ಗಾಜಿನ ಪೆಟ್ಟಿಗೆಯೊಳಗಿನ ಚಿನ್ನ ನೋಡಿ ಯಾರಿಗೂ ಆಸೆ ಹುಟ್ಟುವುದಿಲ್ಲ, ಮೈಮೇಲೆ ನೋಡಿದರೇ ಹುಟ್ಟುವುದು ಎಂದು ಅಜ್ಜಿ ಹೇಳುತ್ತಿದ್ದರು. ತಮಿಳು ಹೆಂಗಸರು ಅಮ್ಮನ ಕತ್ತಿಗೆ ಕೈಹಾಕಿ ಅಡ್ಡಿಕೆಯನ್ನು ತಿರುಗಿಸಿ ನೋಡುತ್ತಿದ್ದರು. ಶಾಲೆ ಮುಗಿಸಿ ಅಂಗಡಿಗೆ ಬಂದ ನಾನು ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದೆ. ಅಮ್ಮ ನಗುತ್ತಿದ್ದಳು. ಆ ನಗು ಫೋಟೋದಲ್ಲಿದ್ದ ವಸಂತಾಳ ನಗುವಿನ ಹಾಗೆಯೇ ಇರುತ್ತಿತ್ತು, ತುಟಿ ಸ್ವಲ್ಪ ಎಡಕ್ಕೆ. ಹಾಗೆ ನಗಲು ಅಜ್ಜಿ ಕಲಿಸಿದ್ದರೋ, ಆ ಒಡವೆಗಳ ಭಾರಕ್ಕೆ ಯಾರು ನಕ್ಕರೂ ಹಾಗೇ ಆಗುತ್ತದೆಯೋ, ನನಗೆ ತಿಳಿಯದು.

ಅಮ್ಮನ ಹೆಸರು ಪದ್ಮ. ಚಾಮರಾಜನಗರದ ಮೇಷ್ಟ್ರ ಮಗಳು. ಅವಳಿಗೆ ವಸಂತಾಳ ಮೇಲೆ ಹೊಟ್ಟೆಕಿಚ್ಚು ಇತ್ತೆಂದು ನಾನು ಒಂದು ದಿನವೂ ಕಾಣಲಿಲ್ಲ. ಫೋಟೋದ ಗಾಜು ಒರೆಸುವಾಗ ಅದರ ಜೊತೆ ಮೆಲ್ಲಗೆ ಮಾತಾಡುತ್ತಿದ್ದಳು. "ನಿನ್ನ ಮಗಳು ಇವತ್ತೂ ಸರಿಯಾಗಿ ತಿಂದಿಲ್ಲ ನೋಡು," ಎನ್ನುತ್ತಿದ್ದಳು. ಆ ಮಗಳೇ ಶೈಲಕ್ಕ. ವಸಂತಾ ಹೋದಾಗ ಅಕ್ಕ ನಡೆಯಲು ಕಲಿತಿದ್ದ ಮಗು. ಅವಳಿಗೆ ತಲೆ ಬಾಚಿದ್ದು, ಜಡೆ ಹಾಕಿದ್ದು, ಜ್ವರದಲ್ಲಿ ಒದ್ದೆ ಬಟ್ಟೆ ಇಟ್ಟದ್ದು ಎಲ್ಲ ನನ್ನ ಅಮ್ಮ. ಆದರೂ ಅಜ್ಜಿಯ ಆಜ್ಞೆಯಂತೆ ಅಕ್ಕ ಅವಳನ್ನು ಚಿಕ್ಕಮ್ಮ ಎಂದೇ ಕರೆಯಬೇಕಿತ್ತು. ವಸಂತಾಗೆ ನೋವಾಗಬಾರದಲ್ಲ.

ಅಕ್ಕನ ಹಾಸಿಗೆಯ ಕೆಳಗೆ ಸೆಕೆಂಡ್ ಹ್ಯಾಂಡ್ ಅಂಗಡಿಯ ಪ್ರೇಮ ಕಾದಂಬರಿಗಳು ತುಂಬಿದ್ದವು. ಮಧ್ಯಾಹ್ನ ಊಟವಾದ ಮೇಲೆ ಅವಳು ನನ್ನನ್ನು ಪಕ್ಕದಲ್ಲಿ ಮಲಗಿಸಿಕೊಂಡು ಇಂಗ್ಲಿಷಿನ ಆ ಕಥೆಗಳನ್ನು ಕನ್ನಡದಲ್ಲಿ ಹೇಳುತ್ತಿದ್ದಳು. ಲಂಡನ್ನಿನ ದೊರೆ, ಬಡ ಟೀಚರು, ಕುದುರೆ, ಮಳೆ. ಬೇಡದ ಕಡೆ ಅವಳೇ ಕಥೆ ಬದಲಾಯಿಸುತ್ತಿದ್ದಳು. ಯಾರಾದರೂ ಸಾಯುವ ಹಾಗಿದ್ದರೆ ಸಾಯುತ್ತಿರಲಿಲ್ಲ. ನಾನು ಕಾದಂಬರಿ ಬರೆಯಲು ಕಲಿತದ್ದು ಆ ಹಾಸಿಗೆಯ ಮೇಲೆ. ಒಂದು ಮಧ್ಯಾಹ್ನ ಅವಳು ಹೇಳಿದ ಕಥೆಯಲ್ಲಿ ದೊರೆ ಇರಲಿಲ್ಲ. ಬಂದರಿನ ಹಡಗು ಕಂಪನಿಯ ಆಫೀಸಿನಲ್ಲಿ ಕೆಲಸ ಮಾಡುವ, ಬಸ್ ಸ್ಟಾಪಿನಲ್ಲಿ ದಿನವೂ ಒಬ್ಬ ಹುಡುಗಿಗೆ ಕೊಡೆ ಹಿಡಿಯುವ ಹುಡುಗನಿದ್ದ. ಹೆಸರು ಕೆನ್ನೆತ್.

"ಇದು ಯಾವ ಬುಕ್ ಅಕ್ಕಾ?" ಎಂದು ಕೇಳಿದೆ.

"ಇನ್ನೂ ಪ್ರಿಂಟ್ ಆಗಿಲ್ಲ," ಎಂದು ಹೇಳಿ ನನ್ನ ಬಾಯಿಗೆ ಬೆರಳು ಅಡ್ಡ ಇಟ್ಟಳು.

ಕೆನ್ನೆತ್ ಮನೆಗೆ ಬಂದದ್ದು ಒಂದು ಭಾನುವಾರ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಅನಾನಸ್ ಟಾರ್ಟಿನ ಡಬ್ಬಿ. ಅಮ್ಮ ಬಾಗಿಲು ತೆರೆದಾಗ ಡಬ್ಬಿಯನ್ನು ಎರಡೂ ಕೈಯಲ್ಲಿ ನೀಡಿ, ಇಲ್ಲಿಯವರು ಮಾತಿನ ಕೊನೆಗೆ ಅಂಟಿಸುವ 'ಲಾ' ಸೇರಿಸಿ ಹೇಳಿದ.

"ಮೈ ಮದರ್ ಮೇಡ್, ಆಂಟಿ. ನೋ ಎಗ್ ಲಾ. ಶೈಲಾ ಟೋಲ್ಡ್ ಮಿ."

ಅಪ್ಪ ಅವನ ಎದುರು ಕೂತು ಹವೆ, ಬಂದರು, ಬಸ್ಸು ಎಂದು ಮಾತಾಡಿದರು. ಅಪ್ಪ ಮೃದು ಮನುಷ್ಯ. ಕಲ್ಲುಗಳನ್ನು ಭೂತಗನ್ನಡಿ ಹಿಡಿದು ನೋಡುವಾಗ ಮಾತ್ರ ಅವರ ಮುಖದಲ್ಲಿ ಧೈರ್ಯ ಕಾಣುತ್ತಿತ್ತು. ಮದುವೆಯ ಮಾತು ಬಂದಾಗ "ಅಮ್ಮನ್ನ ಕೇಳಿ ಹೇಳ್ತೀನಿ" ಎಂದರು. ಅಜ್ಜಿ ತಮ್ಮ ಕೋಣೆಯಿಂದ ಹೊರಗೆ ಬರಲೇ ಇಲ್ಲ. ಅವನು ಹೋದ ಮೇಲೆ ಬಂದು, ಟಾರ್ಟಿನ ಡಬ್ಬಿ ಎತ್ತಿ ಹಿತ್ತಲಿಗೆ ಹಾಕಿಸಿದರು.

"ವಸಂತಾ ಒಪ್ಪಲ್ಲ," ಎಂದರು ಅಷ್ಟೇ.

ಇದು ಅಜ್ಜಿಯ ಕೊನೆಯ ಮಾತು ಯಾವಾಗಲೂ. ಅಮ್ಮ ತವರಿಗೆ ಹೋಗಿ ಬರುತ್ತೇನೆ ಎಂದಾಗ, ನನಗೆ ಕೂದಲು ಕತ್ತರಿಸಬೇಕೆಂದಾಗ, ಅಪ್ಪ ಅಂಗಡಿಯ ಬೋರ್ಡು ಬದಲಾಯಿಸಬೇಕೆಂದಾಗ, ವಸಂತಾ ಒಪ್ಪಿರಲಿಲ್ಲ. ಬದುಕಿದವರ ಜೊತೆಯಾದರೆ ಜಗಳವಾಡಬಹುದು. ಸತ್ತವಳ ಜೊತೆ ಹೇಗೆ? ಅಕ್ಕ ಒಬ್ಬಳೇ ಅವತ್ತು ಎದುರು ನಿಂತಳು.

"ಅವರು ನನ್ನ ಅಮ್ಮ. ಒಪ್ಪಲ್ಲ ಅಂತ ನಿಮಗೆ ಮಾತ್ರ ಬಂದು ಹೇಳ್ತಾರಾ? ನಂಗ್ಯಾಕೆ ಹೇಳಲ್ಲ? ಕ್ಯಾನಾಟ್ ಲೈಕ್ ದಿಸ್ ಲಾ, ಅಜ್ಜಿ!"

"ನಿನಗೆ ಹೇಳೋಕೆ ನೀನು ಅವಳ ಮಾತು ಕೇಳೋಳಾಗಿರಬೇಕಲ್ಲ," ಎಂದರು ಅಜ್ಜಿ. ಅವತ್ತಿನಿಂದ ಅಕ್ಕ ಊಟ ಬಿಟ್ಟಳು. ಬೆಂಗಳೂರಿನ ದೊಡ್ಡ ಒಡವೆ ಅಂಗಡಿಯವರ ಮಗನ ಜಾತಕ ಬಂತು. ಎರಡು ಅಂಗಡಿ ಒಂದಾಗುವ ಸಂಬಂಧ. ದೀಪಾವಳಿಯ ವಾರದಲ್ಲೇ ವಸಂತಾಳ ವರ್ಷದ ದಿನ, ಅವಳು ತೀರಿಕೊಂಡ ತಿಥಿ, ಬರುತ್ತದೆ, ಅವತ್ತು ಅವಳನ್ನೇ ಕೇಳಿಬಿಡೋಣ ಎಂದು ಅಜ್ಜಿ ನಿಶ್ಚಯಿಸಿದರು.

ಕೇಳುವ ಕ್ರಮ ಹೀಗೆ: ಫೋಟೋದ ಚೌಕಟ್ಟಿನ ಎರಡೂ ಬದಿಗೆ ಒಂದೊಂದು ಒದ್ದೆ ಹೂ ಸಿಕ್ಕಿಸಿ ಕಾಯುವುದು. ಬಲಗಡೆಯದು ಮೊದಲು ಬಿದ್ದರೆ ಒಪ್ಪಿಗೆ. ಅಜ್ಜಿಗೆ ಬೇಕಾದ ಕೆಲಸಕ್ಕೆಲ್ಲ ಬಲಗಡೆಯದೇ ಬೀಳುತ್ತಿತ್ತು, ಏಕೆಂದರೆ ಅಂಥ ದಿನ ಅವರು ಆ ಬದಿಯ ಫ್ಯಾನ್ ಹಾಕಿಸುತ್ತಿದ್ದರು. ಇದನ್ನು ಅಕ್ಕ ನನಗೆ ಎಂದೋ ತೋರಿಸಿಕೊಟ್ಟಿದ್ದಳು. ವರ್ಷದ ದಿನ ಬೆಳಿಗ್ಗೆ ಪುರೋಹಿತರು ಬಂದು ಹೋದರು. ಅಮ್ಮ ಅಡ್ಡಿಕೆ, ಡಾಬು, ವಂಕಿ ಎಲ್ಲ ಹಾಕಿಕೊಂಡಿದ್ದಳು. ಆ ದಿನ ಮುತ್ತೈದೆಯಾಗಿ ಸತ್ತವಳ ಒಡವೆ ಪೆಟ್ಟಿಗೆಯಲ್ಲಿ ಇರಬಾರದು ಎಂದು ನಿಯಮ. ಅವಳು ಎಲೆಯ ಮುಂದೆ ಮಂಡಿಯೂರಿ ಕೂತು ಬಡಿಸುತ್ತಿದ್ದಳು. ಅಪ್ಪ ಕಂಬಕ್ಕೆ ಒರಗಿ ನಿಂತಿದ್ದರು. ಅಕ್ಕ ಬಾಗಿಲಲ್ಲಿ, ಅತ್ತು ಅತ್ತು ಊದಿದ ಮುಖ. ನಾನು ಅವಳ ಕೈ ಹಿಡಿದುಕೊಂಡಿದ್ದೆ. ಫ್ಯಾನ್ ತಿರುಗುತ್ತಿತ್ತು.

"ವಸಂತಾ, ನಿನ್ನ ಮಗಳಿಗೆ ಒಳ್ಳೇ ಮನೆ ನೋಡಿದೀನಿ," ಎಂದು ಅಜ್ಜಿ ಬಲಗಡೆಗೆ ಹೂ ಸಿಕ್ಕಿಸಲು ಕೈ ಚಾಚಿದರು. "ಒಪ್ಪಿಗೆ ಇದ್ರೆ..."

"ಅತ್ತೆಮ್ಮ."

ಯಾರು ಕರೆದರೆಂದು ಮೊದಲು ತಿಳಿಯಲಿಲ್ಲ. ಅಮ್ಮ ತಲೆ ಎತ್ತಿರಲಿಲ್ಲ. ಪಾಯಸದ ಸೌಟು ಕೈಯಲ್ಲೇ ಇತ್ತು. ಅವಳು ಅಜ್ಜಿಯನ್ನು ಅತ್ತೆ ಎನ್ನುತ್ತಿದ್ದಳು, ನೀವು ಎನ್ನುತ್ತಿದ್ದಳು. ಅತ್ತೆಮ್ಮ ಎಂದು ಕರೆಯುತ್ತಿದ್ದವಳು ವಸಂತಾ. ಅವಳು ಅಜ್ಜಿಯ ಸ್ವಂತ ಅಣ್ಣನ ಮಗಳು, ಅಜ್ಜಿಯ ತೊಡೆಯ ಮೇಲೆ ಬೆಳೆದವಳು, ಸೊಸೆಯಾಗಿ ಬಂದ ಮೇಲೂ ನೀನು ಎನ್ನುವುದನ್ನು ಬಿಟ್ಟಿರಲಿಲ್ಲ. ಇದೆಲ್ಲ ನನಗೆ ಆಮೇಲೆ ತಿಳಿಯಿತು. ಆಗ ಕಂಡದ್ದು ಅಜ್ಜಿಯ ಕೈ ಗಾಳಿಯಲ್ಲೇ ನಿಂತದ್ದು.

"ಅತ್ತೆಮ್ಮ, ಹೂ ಯಾಕೆ ಕೇಳ್ತೀಯ? ನನ್ನನ್ನೇ ಕೇಳು. ನನ್ನ ಮಗೂನ ಅವಳಿಗೆ ಬೇಕಾದೋನಿಗೆ ಕೊಡು."

ಅಪ್ಪ "ಪದ್ಮಾ" ಎಂದರು, ಗಟ್ಟಿಯಾಗಿ ಅಲ್ಲ. ಅಮ್ಮನ ಕೈಯಿಂದ ಸೌಟು ಎಲೆಯ ಮೇಲೆ ಜಾರಿ ಪಾಯಸ ನೆಲಕ್ಕೆ ಹರಿಯಿತು. ಅವಳ ಉಸಿರು ಬದಲಾಯಿತು. ಓಡಿ ಬಂದವರ ಹಾಗೆ, ಬಾಯಿ ತೆರೆದು ಎಳೆದುಕೊಳ್ಳತೊಡಗಿದಳು. ಮತ್ತೆ ಮಾತು ಬಂದಾಗ ಅದು ಸಣ್ಣ ದನಿ, ಸುಸ್ತಾದ ಹುಡುಗಿಯದು.

"ಎಷ್ಟು ಹೊತ್ತು ಅಂತ ನಿಂತಿರ್ಲಿ ಅತ್ತೆಮ್ಮ? ಕಾಲು ಊದ್ಕೊಂಡಿದೆ. ಸೊಂಟ ಕಿತ್ತು ಬರ್ತಿದೆ. ಒಂದ್ ಚೂರು ಕೂತ್ಕೊಳ್ಲಾ?"

ಅಮ್ಮ ನಿಂತಿರಲಿಲ್ಲ. ಅವಳು ಕೂತೇ ಇದ್ದಳು.

ಅಜ್ಜಿಯ ಬಾಯಿಂದ ಬಂದ ಶಬ್ದವನ್ನು ನಾನು ಅದಕ್ಕೆ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ. ಅವರು ನೆಲಕ್ಕೆ ಕುಸಿದು, ಚೆಲ್ಲಿದ ಪಾಯಸದ ಮೇಲೆಯೇ ತೆವಳಿ ಬಂದು, ಅಮ್ಮನ ಎರಡೂ ಪಾದಗಳನ್ನು ಹಿಡಿದುಕೊಂಡು ಒತ್ತತೊಡಗಿದರು.

"ಕೂತ್ಕೊ ನನ್ನವ್ವ, ಕೂತ್ಕೊ. ಇನ್ಯಾರೂ ಬರಲ್ಲ. ಅಂಗಡಿ ಬಾಗಿಲು ಹಾಕಿಸ್ತೀನಿ. ಕೂತ್ಕೊ ತಾಯಿ."

ಅಪ್ಪ ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಅಮ್ಮ ಪಕ್ಕಕ್ಕೆ ವಾಲಿ ಬಿದ್ದಳು. ಅಕ್ಕ ಓಡಿಹೋಗಿ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ನೀರು ಚಿಮುಕಿಸಿದಳು. ಕಣ್ಣು ತೆರೆದ ಅಮ್ಮ ತನ್ನ ಪಾದ ಹಿಡಿದು ಕೂತ ಅಜ್ಜಿಯನ್ನು ನೋಡಿ, ಗಾಬರಿಯಾಗಿ ಕಾಲು ಎಳೆದುಕೊಂಡು "ಅತ್ತೆ, ಏನಿದು, ಬಿಡಿ" ಎಂದಳು. ಆ ದನಿ ಅವಳದೇ ಆಗಿತ್ತು.

ಅಕ್ಕನ ಮದುವೆ ಆಯಿತು. ರಿಜಿಸ್ಟ್ರಿಯಲ್ಲಿ ಸಹಿ, ಮನೆಯಲ್ಲಿ ಧಾರೆ. ಕೆನ್ನೆತ್‌ನ ಅಮ್ಮ ಬಾಸಿಂಗ ಕಟ್ಟಿದ ಮಗನನ್ನು ನೋಡಿ ನಕ್ಕು ನಕ್ಕು ಅತ್ತರು. ಅಜ್ಜಿ ಎಲ್ಲದಕ್ಕೂ ಮುಂದೆ ನಿಂತು ಅಕ್ಷತೆ ಹಾಕಿದರು. ನನ್ನ ಕಾದಂಬರಿಗಳು ಮುಗಿಯುವುದು ಇಲ್ಲಿ. ಅಕ್ಕ ಬಿಶಾನ್‌ನಲ್ಲಿದ್ದ ಅವನ ಫ್ಲ್ಯಾಟಿಗೆ ಹೋದಳು, ಅವಳ ಹಾಸಿಗೆಯ ಕೆಳಗಿನ ಪುಸ್ತಕಗಳು ನನಗೆ ಬಂದವು, ಮತ್ತು ಆ ಮನೆಯಲ್ಲಿ ನಾನು, ಅಪ್ಪ, ಅಜ್ಜಿ, ಅಮ್ಮ ಉಳಿದೆವು. ಅಮ್ಮ ಎಂದೆ. ಆದರೆ ಅಜ್ಜಿಯ ಪಾಲಿಗೆ ಪದ್ಮ ಅನ್ನುವವಳು ಆ ವರ್ಷದ ದಿನವೇ ಮನೆ ಬಿಟ್ಟಿದ್ದಳು.

ಮದುವೆಯ ಗದ್ದಲ ಮುಗಿದ ಮೇಲೆ ಒಂದು ಮಧ್ಯಾಹ್ನ ಅಜ್ಜಿ ತಮ್ಮ ಕೋಣೆಯಿಂದ "ವಸಂತಾ, ಬಾ ಇಲ್ಲಿ" ಎಂದು ಕರೆದರು. ಮತ್ತೆ ಕರೆದರು. ಅಡುಗೆಮನೆಯಲ್ಲಿದ್ದ ಅಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೋದಳು. ಅವತ್ತಿನಿಂದ ದಿನವೂ ಊಟವಾದ ಮೇಲೆ ಆ ಕರೆ. ಬಾಗಿಲು ಮುಚ್ಚಿಕೊಳ್ಳುತ್ತಿತ್ತು. ಕಿಟಕಿ ಮರದ ಪಟ್ಟಿಗಳದ್ದು, ಹೊರಗೆ ಹಜಾರದಲ್ಲಿ ಹೋಮ್‌ವರ್ಕ್ ಮಾಡುತ್ತ ಕೂತ ನನಗೆ ಎಲ್ಲ ಕೇಳುತ್ತಿತ್ತು. ಮೊದಮೊದಲು ಹಳೆಯ ಮಾತು, ಮೈಸೂರಿನ ಮನೆ, ವಸಂತಾ ಚಿಕ್ಕವಳಿದ್ದಾಗ ಹುಣಸೆಕಾಯಿ ಕದ್ದದ್ದು. ಆಮೇಲೆ ಒಂದು ದಿನ ಅಜ್ಜಿ ವಸಂತಾ ತೀರಿಹೋದ ದೀಪಾವಳಿಯ ಮಾತು ತೆಗೆದರು.

ವಸಂತಾ ಜ್ವರ ಬಂದು ಹೋದಳು ಎಂದು ನಮಗೆಲ್ಲ ಹೇಳಿದ್ದರು. ಅವಳು ಆಗ ಬಸುರಿ. ಎರಡನೆಯ ಮಗು. ಅಂಗಡಿಯಲ್ಲಿ ಕಾಲಿಡಲು ಜಾಗವಿಲ್ಲದ ವಾರ. ಬೆಳಿಗ್ಗೆಯಿಂದ ಅಷ್ಟೂ ಒಡವೆ ಹೇರಿಕೊಂಡು ಕನ್ನಡಿಯ ಮುಂದೆ ನಿಂತಿದ್ದಾಳೆ. ಸೊಂಟ ನೋಯುತ್ತಿದೆ ಎಂದಳಂತೆ. ಡಾಬು ಸಡಿಲಿಸಿಕೋ ಎಂದರಂತೆ ಅಜ್ಜಿ. ಕೂರುತ್ತೇನೆ ಎಂದಳಂತೆ. ಕೂತರೆ ಸೀರೆ ನೆರಿಗೆ ಕೆಡುತ್ತದೆ, ಸಂಜೆಯವರೆಗೆ ತಡ್ಕೋ ಎಂದರಂತೆ. ಸಂಜೆ ಅವಳು ಕನ್ನಡಿಗೆ ಒರಗಿಕೊಂಡು ಹಾಗೇ ಕೆಳಗೆ ಜಾರಿದಳು. ರತ್ನಗಂಬಳಿಯ ಬಣ್ಣ ಕೆಂಪು, ಅದಕ್ಕೇ ರಕ್ತ ಯಾರಿಗೂ ಬೇಗ ಕಾಣಲಿಲ್ಲ.

"ಒಂದ್ ಕುರ್ಚಿ ಕೊಡ್ಲಿಲ್ವಲ್ಲೇ ನಾನು ನಿಂಗೆ," ಎಂದು ಅಜ್ಜಿ ಬಿಕ್ಕುತ್ತಿದ್ದರು. "ನಮ್ಮಣ್ಣನ ಮಗಳು. ನಾನೇ ಎತ್ತಿ ಆಡಿಸಿದೋಳು. ಕ್ಷಮಿಸಿದೆ ಅನ್ನು ವಸಂತಾ. ಒಂದ್ಸಲ ಅನ್ನು."

ಅಮ್ಮನ ಉತ್ತರ ಕೇಳಿಸಲಿಲ್ಲ. ಅವತ್ತೂ ಇಲ್ಲ, ಆಮೇಲೆ ಯಾವ ದಿನವೂ ಇಲ್ಲ. ಅವತ್ತು ಹೊರಗೆ ಬಂದವಳು ನೇರ ಮಹಡಿಗೆ ಹೋಗಿ ಅಪ್ಪನ ಮುಂದೆ ನಿಂತಳು. ನಾನು ಮೆಟ್ಟಿಲ ಮೇಲಿದ್ದೆ.

"ನೀವೂ ಅಂಗಡೀಲೇ ಇದ್ರಲ್ವಾ ಅವತ್ತು?"

ಅಪ್ಪ ಬಂದರಿನ ಕಡೆ ತಿರುಗಿದರು. "ತುಂಬಾ ರಶ್ ಇತ್ತು ಪದ್ಮ," ಎಂದರು.

ಮುಂದಿನ ದೀಪಾವಳಿಗೆ ಅಜ್ಜಿ ಅಂಗಡಿಯ ಕನ್ನಡಿಯ ಮುಂದೆ ಒಂದು ಮೆತ್ತನೆಯ ಕುರ್ಚಿ ಹಾಕಿಸಿದರು. "ಕೂತ್ಕೊ ವಸಂತಾ" ಎಂದು ಗಿರಾಕಿಗಳೆದುರೇ ಅಮ್ಮನನ್ನು ಕೂರಿಸಿದರು. ಅಮ್ಮ ಕೂತಳು. ಮನೆಯಲ್ಲಿ ಈಗ ಅವಳಿಗೆ ಯಾವ ಕಷ್ಟವೂ ಇರಲಿಲ್ಲ. ಪಾಯಸದಲ್ಲಿ ಗೋಡಂಬಿ ಅವಳಿಗೆ, ಮಲ್ಲಿಗೆ ನೇರ ಅವಳ ಮುಡಿಗೆ. ಅಜ್ಜಿ ಅವಳ ತಲೆಗೆ ಎಣ್ಣೆ ಹಚ್ಚುತ್ತಿದ್ದರು. ಪದ್ಮ ಎಂದು ಆ ಮನೆಯಲ್ಲಿ ಕರೆಯುವವರು ಅಪ್ಪ ಒಬ್ಬರೇ, ಆ ಮಧ್ಯಾಹ್ನದ ನಂತರ ಅವರೂ ಅವಳನ್ನು ಹೆಚ್ಚು ಕರೆಯುತ್ತಿರಲಿಲ್ಲ. ಅಮ್ಮ ಮೆಲ್ಲಗೆ ಕಡಿಮೆಯಾಗುತ್ತ ಹೋದಳು. ಚಾಮರಾಜನಗರದ ಮಾತು ಎತ್ತುವುದನ್ನು ಬಿಟ್ಟಳು. ನಾನು ಎರಡು ಮೂರು ಸಲ ಅಮ್ಮ ಎಂದರೆ ಮಾತ್ರ ತಿರುಗುತ್ತಿದ್ದಳು. ಒಂದು ಮಧ್ಯಾಹ್ನ ಶಾಲೆಯಿಂದ ಬಂದಾಗ ಅವಳು ಹಿತ್ತಲಿನಲ್ಲಿ ಬಟ್ಟೆ ಹರವುತ್ತಿದ್ದಳು. ಬೆನ್ನು ನನ್ನ ಕಡೆ. ಅಮ್ಮಾ ಎಂದು ಕೂಗಿದೆ. ಮತ್ತೆ ಕೂಗಿದೆ. ಯಾಕೆ ಹಾಗೆ ಮಾಡಬೇಕು ಅನ್ನಿಸಿತೋ, "ವಸಂತಾ" ಎಂದೆ.

"ಹ್ಞಾ," ಎಂದು ಅವಳು ತಿರುಗಿದಳು. ತುಟಿ ಎಡಕ್ಕೆ ವಾಲಿದ ನಗು ಮುಖದ ಮೇಲೆ ಇತ್ತು.

ನಾನು ನಿಂತಲ್ಲೇ ಅಳತೊಡಗಿದೆ. ಅವಳಿಗೆ ಒಂದು ಕ್ಷಣ ಏನೂ ಅರ್ಥವಾಗಲಿಲ್ಲ. ಅರ್ಥವಾದಾಗ ಅವಳ ಕೈಯಲ್ಲಿದ್ದ ಒದ್ದೆ ಬಟ್ಟೆ ಕೆಳಗೆ ಬಿತ್ತು. ಬಂದು ನನ್ನ ಎರಡೂ ಭುಜ ಹಿಡಿದುಕೊಂಡಳು, ನೋಯುವಷ್ಟು ಗಟ್ಟಿಯಾಗಿ.

"ನನ್ನ ಹೆಸರೇನು? ಹೇಳು ಇಂದೂ. ನನ್ನ ಹೆಸರು ಹೇಳು."

"ಪದ್ಮ."

"ಇನ್ನೊಂದ್ಸಲ."

ಅವತ್ತು ಮಧ್ಯಾಹ್ನ ಅಜ್ಜಿಯ ಕರೆ ಬಂದಾಗ ಅವಳು ಬಾಗಿಲಲ್ಲೇ ನಿಂತು "ನಾನು ಪದ್ಮ ಬಂದಿದೀನಿ ಅತ್ತೆ" ಎಂದಳು. ಒಳಗಿನಿಂದ ಅಜ್ಜಿ ಶಾಂತವಾಗಿ ಹೇಳಿದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

"ಸರಿ ಪದ್ಮ. ನೀನು ಹೋಗಿ ವಸಂತಾನ ಕಳಿಸು."

ಇದು ವರ್ಷಗಟ್ಟಲೆ ನಡೆಯಿತು ಎಂದರೆ ನಂಬುವುದು ಕಷ್ಟ, ಆದರೆ ನಡೆಯಿತು. ಅಮ್ಮ ದಿನವೂ ತನ್ನ ಹೆಸರು ಹೇಳಿಕೊಂಡೇ ಒಳಗೆ ಹೋಗುತ್ತಿದ್ದಳು, ಕೂತು ಕೇಳುತ್ತಿದ್ದಳು, ಒಂದು ಮಾತನ್ನೂ ಆಡದೆ ಹೊರಗೆ ಬರುತ್ತಿದ್ದಳು. ಹೋಗದೆ ಇರಬಹುದಲ್ಲ ಎಂದು ನಾನು ದೊಡ್ಡವಳಾದ ಮೇಲೆ ಜಗಳವಾಡಿದ್ದೇನೆ. "ಆ ಮುದುಕಿ ಇನ್ಯಾರಿಗೆ ಹೇಳ್ಕೋಬೇಕು?" ಎನ್ನುತ್ತಿದ್ದಳು. ಒಮ್ಮೆ ಮಾತ್ರ ಬೇರೆ ಹೇಳಿದಳು. "ವಸಂತಾ ಕೇಳಿಸ್ಕೋಬೇಕಾದ ಮಾತು ಅದು. ಅವಳು ಇಲ್ಲ ಅಂತ ಗಾಳಿಗೆ ಬಿಡೋಕಾಗುತ್ತಾ?"

ಅಜ್ಜಿಯ ಕೊನೆ ಆಸ್ಪತ್ರೆಯಲ್ಲಿ ಆಯಿತು. ನಾನು ಆಗ ಕಾಲೇಜು ಸೇರುವ ಹೊತ್ತು. ಹಗಲು, ಪರದೆ ಸರಿಸಿದ್ದರು, ಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ಅಮ್ಮ ಚಮಚದಲ್ಲಿ ಗಂಜಿ ಕುಡಿಸುತ್ತಿದ್ದಳು. ಅಜ್ಜಿ ಅವಳ ಮಣಿಕಟ್ಟು ಹಿಡಿದುಕೊಂಡರು. ಆ ಬೆರಳುಗಳಲ್ಲಿ ಅಷ್ಟು ಬಲ ಉಳಿದಿದೆ ಎಂದು ನಾವಂದುಕೊಂಡಿರಲಿಲ್ಲ.

"ಈಗಲಾದ್ರೂ ಅನ್ನು. ಕ್ಷಮಿಸಿದೆ ಅನ್ನು ವಸಂತಾ."

ಅಮ್ಮ ಬಟ್ಟಲು ಕೆಳಗಿಟ್ಟಳು. ಒಂದು ಮಾತು ಸುಳ್ಳು ಹೇಳಿದರೆ ಆಗುತ್ತಿತ್ತು. ನಾನೇ ಹೇಳಿಬಿಡುವವಳಿದ್ದೆ. ಅಮ್ಮ ಬಗ್ಗಿ ಅಜ್ಜಿಯ ಕಿವಿಯ ಹತ್ತಿರ, ಆದರೆ ನನಗೂ ಕೇಳುವಂತೆ ಹೇಳಿದಳು.

"ಅತ್ತೆ, ನಾನು ಪದ್ಮ. ಅವಳ ಪರವಾಗಿ ಕ್ಷಮಿಸೋಕೆ ನನಗೆ ಹಕ್ಕಿಲ್ಲ. ಒಂದ್ಸಲ ಅವಳ ಬಾಯಿ ತಗೊಂಡು ಮಾತಾಡಿದೆ, ಅದೇ ಸಾಕು. ಆದ್ರೆ ನನಗೆ ನೀವು ಮಾಡಿದ್ದೂ ಇದೆಯಲ್ಲ? ನನ್ನನ್ನೂ ಅದೇ ಕನ್ನಡಿ ಮುಂದೆ ನಿಲ್ಸಿದ್ರಿ. ಅದಕ್ಕೆ ಬೇಕಾದ್ರೆ ಕೇಳಿ. ಅದನ್ನ ಈಗಲೇ ಕೊಡ್ತೀನಿ."

ಅಜ್ಜಿ ಅವಳ ಮುಖವನ್ನು ನೋಡಿದರು. ಹಣೆ, ಕಣ್ಣು, ಕಿವಿಯ ಓಲೆ, ಒಂದೊಂದನ್ನೇ. ಹಿಡಿದ ಕೈ ಸಡಿಲವಾಯಿತು.

"ನೀನು ಯಾರಮ್ಮ?" ಎಂದರು.

ಅಮ್ಮ ಬಟ್ಟಲು ಎತ್ತಿಕೊಂಡು ಉಳಿದ ಗಂಜಿ ಕುಡಿಸಿದಳು. ಮಾರನೆಯ ದಿನ ಅಜ್ಜಿ ಹೋದರು.

ಕರ್ಮಗಳು ಮುಗಿದ ಮೇಲೆ ಅಮ್ಮ ಶೈಲಕ್ಕನನ್ನು ಕೂರಿಸಿಕೊಂಡು ಎಲ್ಲ ಹೇಳಿದಳು. ಬಸುರಿ, ಕನ್ನಡಿ, ಕುರ್ಚಿ. ಅಕ್ಕ ಅಳಲಿಲ್ಲ. ಊಟದ ಕೋಣೆಗೆ ಹೋಗಿ ಫೋಟೋವನ್ನು ಗೋಡೆಯಿಂದ ಇಳಿಸಿ, ಕುಂಕುಮ ಮೆತ್ತಿದ ಗಾಜನ್ನು ಸೋಪು ಹಾಕಿ ತೊಳೆದು, ಟವೆಲಿನಲ್ಲಿ ಸುತ್ತಿಕೊಂಡು ಬಿಶಾನ್‌ಗೆ ತೆಗೆದುಕೊಂಡು ಹೋದಳು. ಅವಳ ಮನೆಯಲ್ಲಿ ಅದು ಮಕ್ಕಳ ಸ್ಕೂಲ್ ಫೋಟೋಗಳ ಪಕ್ಕದಲ್ಲಿದೆ, ಹಾರವಿಲ್ಲದೆ. ಅಪ್ಪ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಟ್ಟು ಕೆಲವು ವರ್ಷ ಸುಮ್ಮನಿದ್ದು ತೀರಿಕೊಂಡರು. ಮನೆ ಕೆಡವಿದರು. ಅಲ್ಲಿ ಈಗ ಕಾಂಡೋ ಅಪಾರ್ಟ್‌ಮೆಂಟುಗಳಿವೆ. ಆ ದಾರಿಯ ಬಸ್ಸಿನಲ್ಲಿ ಹೋಗುವಾಗ ನಾನು ಕಿಟಕಿಯ ಆಚೆ ನೋಡುವುದಿಲ್ಲ.

ಅಮ್ಮ ಈಗ ಅಕ್ಕನ ಜೊತೆ ಇದ್ದಾಳೆ. ಮೊನ್ನೆ ಹೋದಾಗ ನಾನೂ ಅಮ್ಮನೂ ಫ್ಲ್ಯಾಟುಗಳ ಕೆಳಗಿನ ಗೋಡೆಯಿಲ್ಲದ ಹಜಾರದಲ್ಲಿ, ವಾಯ್ಡ್ ಡೆಕ್ಕಿನ ಕಲ್ಲುಬೆಂಚಿನ ಮೇಲೆ ಕೂತಿದ್ದೆವು. ಬೆಳಗಿನ ಹೊತ್ತು, ಮುದುಕರು ಚೆಸ್ ಆಡುತ್ತಿದ್ದರು, ಯಾರದೋ ಅಡುಗೆಮನೆಯಿಂದ ಬೆಳ್ಳುಳ್ಳಿ ಒಗ್ಗರಣೆಯ ವಾಸನೆ. ಇಷ್ಟು ವರ್ಷ ಕೇಳದೇ ಇಟ್ಟುಕೊಂಡದ್ದನ್ನು ಕೇಳಿಬಿಟ್ಟೆ. ಅವತ್ತು ಎಲೆ ಮುಂದೆ ಮಾತಾಡಿದ್ದು ನೀನಾ, ಅವಳಾ?

ಅಮ್ಮ ಎದುರಿನ ಬ್ಲಾಕಿನಲ್ಲಿ ಬಟ್ಟೆ ಒಣಹಾಕುತ್ತಿದ್ದ ಹೆಂಗಸನ್ನು ನೋಡುತ್ತಿದ್ದಳು.

"ಅತ್ತೆಮ್ಮ ಅಂತ ಕರೀತಿದ್ಲು ಅಂತ ನಿಮ್ಮಪ್ಪ ಯಾವಾಗಲೋ ಹೇಳಿದ್ರು. ಅದನ್ನ ಇಟ್ಕೊಂಡಿದ್ದೆ. ಮಗೂನ ಅವಳಿಗೆ ಬೇಕಾದೋನಿಗೆ ಕೊಡು ಅಂದೆನಲ್ಲ, ಅದು ನಂದೇ. ಹಿಂದಿನ ದಿನ ಬಾತ್‌ರೂಮಿನಲ್ಲಿ ನಲ್ಲಿ ಬಿಟ್ಕೊಂಡು ಹೇಳಿ ಹೇಳಿ ಪ್ರಾಕ್ಟೀಸ್ ಮಾಡಿದ್ದೆ. ಶೈಲಾ ಊಟ ಬಿಟ್ಟಿದ್ಲು. ಇನ್ನೇನ್ ಮಾಡ್ಲಿ?"

"ಮತ್ತೆ ಕಾಲು ನೋವು?"

"ಅವಳು ಬಸುರಿ ಇದ್ಲು, ನಿಂತಿದ್ಲು, ಇದ್ಯಾವ್ದೂ ನಂಗೆ ಆಗ ಗೊತ್ತೇ ಇರ್ಲಿಲ್ಲ ಇಂದೂ." ಅಮ್ಮ ನನ್ನ ಕಡೆ ತಿರುಗಿದಳು. "ಆ ಮಾತು ಶುರುವಾದಾಗ ನಾನೂ ನಿಮ್ಮ ಜೊತೆ ನಿಂತು ಕೇಳಿಸ್ಕೊಳ್ತಿದ್ದೆ."